ನಾಲ್ಕು ಬೆರಳ ಮಡಿಕೆ

ಆ ಬೀದಿಯಲ್ಲಿ ಟೈಲರಮ್ಮ ಅಳತೆ ತೆಗೆಯದ ಮಗುವೇ ಇರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿ ಹೊಲಿಗೆ ಮಿಷನ್ನು, ಗೋಡೆಗೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ತುಂಡು ಬಟ್ಟೆಯ ಗೋಣಿಚೀಲ, ಬಾಗಿಲ ಹತ್ತಿರ ಬೆತ್ತದ ಕುರ್ಚಿಯಲ್ಲಿ ಅವಳ ಅತ್ತೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅತ್ತೆ ಸೊಸೆ ಇಬ್ಬರೇ. ಅತ್ತೆಗೆ ಕಣ್ಣು ಮುಕ್ಕಾಲು ಹೋಗಿತ್ತು, ನಾಲಿಗೆ ಮಾತ್ರ ಹೊಸ ಕತ್ತರಿಯ ಹಾಗೆ ಇತ್ತು. ಗುಂಡಿ ಹಚ್ಚುವ ಕೆಲಸ ಅವರದು. ಬೆರಳಿನಲ್ಲೇ ನೋಡಿ ಹಚ್ಚುತ್ತಿದ್ದರು.

ಮಕ್ಕಳ ಬಟ್ಟೆಗೆ ಟೈಲರಮ್ಮನದು ಒಂದು ಕಟ್ಟಳೆ. ಫ್ರಾಕಿರಲಿ, ಲಂಗವಿರಲಿ, ಚಡ್ಡಿಯೇ ಇರಲಿ, ಅಂಚಿನಲ್ಲಿ ನಾಲ್ಕು ಬೆರಳಷ್ಟು ಬಟ್ಟೆಯನ್ನು ಒಳಗೆ ಮಡಿಸಿಯೇ ಹೊಲಿಯಬೇಕು. "ಮಕ್ಕಳು ಬೆಳೀತಾವೆ, ಬಟ್ಟೆ ಬೆಳೆಯಲ್ಲ. ಅದಕ್ಕೆ ಬಟ್ಟೆನೇ ಮೊದಲು ತಯಾರಾಗಿರ್ಬೇಕು" ಎನ್ನುವಳು. ವರ್ಷ ಕಳೆದ ಮೇಲೆ ತಾಯಂದಿರು ಅದೇ ಫ್ರಾಕು ಹಿಡಿದು ಬರುತ್ತಿದ್ದರು. ಇವಳು ಒಂದು ಬೆರಳಷ್ಟು ಬಿಚ್ಚಿ, ಮತ್ತೆ ಹೊಲಿದು, ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಹಳೆಯ ಮಡಿಕೆಯ ಗೆರೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬೀದಿಯ ಮಕ್ಕಳು ಅದನ್ನೇ ಎಣಿಸಿ ಜಂಬ ಕೊಚ್ಚಿಕೊಳ್ಳುತ್ತಿದ್ದವು: "ನಾನು ಎರಡು ಗೆರೆ ಬೆಳೆದೆ, ನೀನು ಒಂದೇ!"

ಇಂಥ ಟೈಲರಮ್ಮ ಒಂದೇ ಒಂದು ಮಗುವಿಗೆ ಆ ಮಡಿಕೆ ಬಿಡದೆ ಹೊಲಿದಳು. ಅದೂ ತನ್ನ ಮನೆಗೇ ಬಂದ ಮಗುವಿಗೆ.

ಹೆತ್ತವರು ನೋಡಿಕೊಳ್ಳಲಾಗದ ಮಕ್ಕಳನ್ನು ಬೇರೆ ಮನೆಗಳಲ್ಲಿ ಇರಿಸುವ ಆಫೀಸೊಂದಿತ್ತು. ಟೈಲರಮ್ಮ ಅಲ್ಲಿ ಹೆಸರು ಬರೆಸಿದ್ದಳು. ಮೊದಲು ಬಂದದ್ದು ನಾಲ್ಕು ವರ್ಷದ ಒಂದು ಕೂಸು. ಆ ಕೂಸಿಗೆ ಇವಳು ಆರು ಬೆರಳು ಮಡಿಕೆ ಬಿಟ್ಟು ಫ್ರಾಕು ಹೊಲಿದಿದ್ದಳು. ಐದನೇ ತಿಂಗಳಿಗೆ ಅದರ ಅಜ್ಜಿ ಬಂದು ಕರೆದುಕೊಂಡು ಹೋದರು. ಹೋಗಬೇಕಾದ್ದೇ, ಒಳ್ಳೆಯದೇ. ಆದರೆ ವಾರದವರೆಗೆ ಇವಳಿಗೆ ಮಿಷನ್ನು ತುಳಿಯಲು ಕಾಲು ಬರಲಿಲ್ಲ. "ಆರು ಬೆರಳು ಆಸೆ ಇಟ್ಕೊಂಡೆಯಲ್ಲ, ಅನುಭವಿಸು" ಎಂದು ಅತ್ತೆ ಗದರಿದರು. ಗದರಿದವರು ತಾವೂ ಆ ವಾರ ಗುಂಡಿಗಳನ್ನು ತಲೆಕೆಳಗಾಗಿ ಹಚ್ಚಿದ್ದರು.

ಎರಡು ವರ್ಷದ ಮೇಲೆ ಈ ಹುಡುಗಿ ಬಂದಳು. ಏಳು ವರ್ಷ. ತಾಯಿ ಮನಸ್ಸಿನ ಕಾಯಿಲೆಗೆ ಆಸ್ಪತ್ರೆಯಲ್ಲಿ, ತಂದೆ ಎಲ್ಲಿದ್ದಾನೋ ಯಾರಿಗೂ ತಿಳಿಯದು. ಇದಕ್ಕೆ ಮುಂಚೆ ಮೂರು ಮನೆ ದಾಟಿ ಬಂದಿದ್ದಳು. ಆಫೀಸಿನ ಮೇಡಂ ಅವಳ ಕೈಹಿಡಿದು ಬಾಗಿಲಲ್ಲಿ ನಿಂತಾಗ ಟೈಲರಮ್ಮನ ಕಣ್ಣು ಮೊದಲು ಹೋದದ್ದು ಬಟ್ಟೆಗೆ. ತೋಳು ಮೊಣಕೈಗೆ ಬಂದಿತ್ತು, ಕಂಕುಳ ಹೊಲಿಗೆ ಬಿಟ್ಟಿತ್ತು. ಜೊತೆಯ ಚೀಲದಲ್ಲಿದ್ದ ಬಟ್ಟೆಗಳೂ ಹಾಗೆಯೇ, ಎಲ್ಲವೂ ಚಿಕ್ಕವು.

ಮೇಡಂ ಪಕ್ಕಕ್ಕೆ ಕರೆದು ಹೇಳಿದರು. "ಟೈಲರಮ್ಮ, ಈ ಸಲ ಮೂರು ತಿಂಗಳಿಗೆ ಅಂತ ಕಾಗದ ಆಗಿದೆ. ಆಮೇಲೆ ಏನೋ ನಂಗೂ ಗೊತ್ತಿಲ್ಲ. ಇಲ್ಲೇ ಇರ್ತೀಯ ಅಂತೆಲ್ಲ ಮಾತು ಕೊಡ್ಬೇಡಿ. ಹಿಂದಿನ ಮನೆಯವರು ಮಾತು ಕೊಟ್ಟಿದ್ರು."

ಆ ಮಾತನ್ನು ಟೈಲರಮ್ಮ ಗಂಟು ಹಾಕಿಟ್ಟುಕೊಂಡಳು. ಓದು ಮೂರನೇ ಕ್ಲಾಸಿಗೆ ನಿಂತವಳು, ಕೇಳಿದ್ದನ್ನು ತಲೆಗಿಂತ ಮೊದಲು ಕೈಗೆ ಹೇಳಿಕೊಡುವವಳು. ಮರುದಿನ ಹಳದಿ ಮೇಲೆ ನೀಲಿ ಚುಕ್ಕಿಯ ಬಟ್ಟೆ ತೆಗೆದು ಫ್ರಾಕು ಕತ್ತರಿಸುವಾಗ, ಅಂಚಿಗೆ ಬಂದ ಕೈ ಒಂದು ಗಳಿಗೆ ನಿಂತಿತು. ಮೂರು ತಿಂಗಳಿಗೆ ಎಷ್ಟು ಬೇಕು? ಅರ್ಧ ಬೆರಳು ಸಾಕು. ಬಾಯಲ್ಲೂ ಮಾತು ಕೊಡುವುದು ಬೇಡ, ಬಟ್ಟೆಯಲ್ಲೂ ಬೇಡ. ಅಷ್ಟೇ ಬಿಟ್ಟು ಕತ್ತರಿಸಿದಳು. ಹೊಲಿದ ಎರಡು ಫ್ರಾಕೂ ಹಾಗೆಯೇ. ತಾನು ಪ್ರಾಮಾಣಿಕಳಾಗಿದ್ದೇನೆ ಎಂದೇ ಅಂದುಕೊಂಡಳು. ಅದರ ಅಡಿಯಲ್ಲಿ ಇನ್ನೊಂದು ಮಾತೂ ಇತ್ತು. ಈ ಸಲ ಮಿಷನ್ನು ನಿಲ್ಲಬಾರದು.

ಹುಡುಗಿ ಶಾಲೆಯಿಂದ ಬಂದವಳೇ ಕತ್ತರಿಸುವ ಮೇಜಿನ ಕೆಳಗೆ ನುಸುಳಿ ಗೋಣಿಚೀಲಕ್ಕೆ ಒರಗಿ ಕೂರುತ್ತಿದ್ದಳು. ಬಿದ್ದ ಗುಂಡುಪಿನ್ನುಗಳನ್ನು ಅಯಸ್ಕಾಂತದಿಂದ ಹೆಕ್ಕುವಳು, ಅತ್ತೆಯ ಸೂಜಿಗೆ ದಾರ ಪೋಣಿಸುವಳು. ಸದ್ದಿಲ್ಲದೆ ಅಲ್ಲೇ ಗಿರಕಿ ಹೊಡೆಯುತ್ತಿದ್ದ ಅವಳಿಗೆ ಅತ್ತೆ, ಮಿಷನ್ನಿನಡಿ ತಿರುಗುವ ದಾರದ ಉರುಳೆಯ ಹೆಸರನ್ನೇ, 'ಬಾಬಿನ್ನು' ಎಂದು ಇಟ್ಟರು. "ಮಿಷನ್ನಿನ ಬಾಬಿನ್ನಾದ್ರೂ ಆಗಾಗ ಕಟಕಟ ಅನ್ನತ್ತೆ, ಇದು ಅದೂ ಇಲ್ಲ" ಎಂದರು. ಹುಡುಗಿ ನಗಲಿಲ್ಲ. ಆದರೆ ಬಾಬಿನ್ನೂ ಎಂದರೆ ತಿರುಗಿ ನೋಡುವುದು ಕಲಿತಳು.

ಮೊದಲ ತಿಂಗಳು ಮೇಡಂ ಬಂದಾಗ ಚೀಲದಿಂದ ತೂಕದ ಯಂತ್ರ ತೆಗೆದು ನೆಲದ ಮೇಲಿಟ್ಟರು. ಮುಳ್ಳು ಅಲ್ಲಾಡುವಂಥ ಹಳೇ ಯಂತ್ರ. ಬಂದ ದಿನ ಇಪ್ಪತ್ತೂವರೆ ಕಿಲೋ ಇದ್ದದ್ದು ಈಗ ಇಪ್ಪತ್ತು. "ಹೊಸ ಜಾಗ, ಸರಿಹೋಗತ್ತೆ" ಎಂದರು. ಎರಡನೇ ತಿಂಗಳಿಗೆ ಮುಳ್ಳು ಹತ್ತೊಂಬತ್ತಕ್ಕೆ ಬಂದು ನಿಂತಿತು. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

"ಏನು ತಿನ್ನಿಸ್ತಿದೀರಿ?"

"ತಿನ್ನಿಸೋದೆಲ್ಲ ತಿನ್ನಿಸ್ತಿದೀನಿ ಮೇಡಂ. ಹಾಲು, ಮೊಟ್ಟೆ, ಅನ್ನ, ಹಣ್ಣು. ನಾಲ್ಕು ತುತ್ತು ತಿಂತಾಳೆ, ಹೊಟ್ಟೆ ತುಂಬ್ತು ಅಂತಾಳೆ. ಡಾಕ್ಟ್ರ ಹತ್ರ ಎರಡು ಸಲ ಕರ್ಕೊಂಡು ಹೋದೆ. ರಕ್ತ ನೋಡಿದ್ರು, ಹೊಟ್ಟೆ ಒತ್ತಿ ನೋಡಿದ್ರು. ಕಾಯಿಲೆ ಏನಿಲ್ಲ, ಮನಸ್ಸಲ್ಲೇನೋ ಇದೆ ಅಂದ್ರು."

ಮೇಡಂ ಕೆಟ್ಟವರಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿದರು. "ಇನ್ನು ಮೂರು ವಾರಕ್ಕೆ ಬರ್ತೀನಿ. ಹತ್ತೊಂಬತ್ತಕ್ಕಿಂತ ಕೆಳಗೆ ಇಳಿದಿದ್ರೆ ಇಲ್ಲಿ ಬಿಡೋಕಾಗಲ್ಲ. ಆಸ್ಪತ್ರೆ ಪಕ್ಕ ಮಕ್ಕಳ ಹಾಸ್ಟೆಲ್ ಇದೆ, ಅಲ್ಲಿಗೆ ಹಾಕ್ಬೇಕಾಗತ್ತೆ. ನಿಯಮ, ಏನ್ಮಾಡ್ಲಿ?"

ಐದನೇ ಜಾಗ! ಟೈಲರಮ್ಮ ಬೆರಳಲ್ಲಿ ಎಣಿಸಿಕೊಂಡಳು.

ಅಂದಿನಿಂದ ಅವಳು ಮುಳ್ಳಿನ ಮೇಲೆ ಕೂತಂತೆ ದಿನ ಕಳೆದಳು. ಹುಡುಗಿ ತುತ್ತು ಎತ್ತಿದರೆ ಎಣಿಸುವಳು. ತಟ್ಟೆಯಲ್ಲಿ ಉಳಿದದ್ದನ್ನು ಬೆರಳಿಂದ ಒತ್ತಿ ನೋಡುವಳು. ಶಾಲೆಯ ಡಬ್ಬಿ ಖಾಲಿಯಾಗಿ ಬಂದರೆ, ತಿಂದಳೋ ಚೆಲ್ಲಿದಳೋ ಎಂದು ಮುಚ್ಚಳ ಮೂಸುವಳು. ಒಂದು ದಿನ ಪಕ್ಕದ ಬೆಂಚಿನ ಹುಡುಗಿಯನ್ನೇ ಬೀದಿಯಲ್ಲಿ ತಡೆದು ಕೇಳಿದಳು.

"ಅವಳಾ ಆಂಟಿ? ದಿನಾ ನಮಗೇ ಕೊಡ್ತಾಳೆ. ನಿಮ್ಮನೆ ಚಿತ್ರಾನ್ನ ಚೆನ್ನಾಗಿರತ್ತೆ."

ತನ್ನ ಕೈಯಡುಗೆಗೆ ಸಿಕ್ಕ ಆ ಹೊಗಳಿಕೆ ಟೈಲರಮ್ಮನಿಗೆ ಗಂಟಲ ಮುಳ್ಳಾಯಿತು. ಹೊಲಿಗೆಯೂ ದಾರಿ ತಪ್ಪತೊಡಗಿತು. ಒಬ್ಬರ ರವಿಕೆಗೆ ಇನ್ನೊಬ್ಬರ ತೋಳು ಕೂಡಿಸಿದಳು. "ಎರಡೂ ಎಡಗೈನೇ ಇದ್ಯಲ್ಲೇ, ಯಾರಿಗಿದು?" ಎಂದು ಅತ್ತೆ ಬೆರಳಾಡಿಸಿ ಕೇಳಿದರು. ಸೊಸೆ ಕೂತು ಬಿಚ್ಚಿದಳು.

ಇನ್ನು ಹತ್ತು ದಿನವಿದೆ ಎನ್ನುವಾಗ ಅವಳಿಗೊಂದು ಉಪಾಯ ಹೊಳೆಯಿತು. ಸಣಕಲಾಗಿದ್ದಾಳೋ ಇಲ್ಲವೋ ಟೇಪು ಹೇಳುತ್ತದೆ. ಹೊಸ ಫ್ರಾಕಿಗೆ ಅಳತೆ ಎಂದು ಕರೆದಳು. ಹುಡುಗಿ ಮೇಜಿನಡಿಯಿಂದ ಬಂದಳು. ಟೇಪು ಭುಜಕ್ಕೆ ತಾಗಿದ್ದೇ ತಡ, ಮೈಯನ್ನೆಲ್ಲ ಮುದುಡಿ, ಮೊಣಕಾಲು ಬಗ್ಗಿಸಿ, ಕುತ್ತಿಗೆಯನ್ನು ಹೆಗಲೊಳಗೆ ಎಳೆದುಕೊಂಡು ನಿಂತಳು.

"ನೆಟ್ಟಗೆ ನಿಂತ್ಕೋ ಪುಟ್ಟ."

"ಬೆಳೆದಿದೀನಾ ಆಂಟಿ?"

"ಅರ್ಧ ಬೆರಳು ಉದ್ದ ಆಗಿದೀಯ ನೋಡು!" ಒಳ್ಳೆಯ ಸುದ್ದಿ ಎಂದೇ ಹೇಳಿದಳು ಟೈಲರಮ್ಮ.

ಹುಡುಗಿಯ ಮುಖ ಸುಣ್ಣವಾಯಿತು. ಆ ದಿನ ಮಧ್ಯಾಹ್ನ ನಾಲ್ಕು ತುತ್ತೂ ಇಲ್ಲ, ಎರಡೇ. ಬಾಗಿಲ ಚೌಕಟ್ಟಿನ ಮೇಲೆ ಅವಳು ಬಂದ ದಿನ ಟೈಲರಮ್ಮ ಸೀಮೆಸುಣ್ಣದಲ್ಲಿ ಎಳೆದಿದ್ದ ಎತ್ತರದ ಗೆರೆ ಸಂಜೆಗೆ ಮಾಯವಾಗಿತ್ತು. ಒದ್ದೆ ಬಟ್ಟೆಯಿಂದ ಯಾರೋ ಉಜ್ಜಿದ ಗುರುತಿತ್ತು. ಟೈಲರಮ್ಮ ಅದನ್ನು ನೋಡಿದಳು, ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದ ಇನ್ನೂ ಹೆಚ್ಚು ಹೆದರಿದಳು.

ಮರುದಿನ ಭಾನುವಾರ. ಹುಡುಗಿಯ ಹಳದಿ ಫ್ರಾಕು ಮೇಜಿನ ಮೊಳೆಗೆ ಸಿಕ್ಕಿ ಅಂಚಿನಲ್ಲಿ ಹರಿದಿತ್ತು. ಟೈಲರಮ್ಮ ಮಿಷನ್ನಿನ ಮುಂದಿದ್ದಳು. ಅತ್ತೆಯೇ ಹುಡುಗಿಯನ್ನು ಕುರ್ಚಿಯ ಹತ್ತಿರ ನಿಲ್ಲಿಸಿಕೊಂಡು, ಅಂಚನ್ನು ಬೆರಳ ನಡುವೆ ಹಿಡಿದು ತಡವಿದರು. ತಡವಿದ ಬೆರಳು ನಿಂತಿತು. ಸುತ್ತ ಒಂದು ಸಲ ತಡವಿಕೊಂಡು ಬಂತು.

"ಏನೇ ಇದು? ಒಳಗೆ ಬಟ್ಟೆನೇ ಇಲ್ವಲ್ಲೇ! ಊರ ಮಕ್ಕಳಿಗೆಲ್ಲ ನಾಲ್ಕು ಬೆರಳು, ಮನೆ ಮಗೂಗೆ ಅರ್ಧ ಬೆರಳಾ? ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ ಹಾಗಾಯ್ತು."

ಟೈಲರಮ್ಮ ಬಾಯಿ ತೆರೆಯುವ ಮೊದಲೇ ಹುಡುಗಿ ಹೇಳಿದಳು, ಅಜ್ಜಿಯನ್ನೇ ಸಮಾಧಾನ ಮಾಡುವ ಹಾಗೆ:

"ಪರವಾಗಿಲ್ಲ ಅಜ್ಜಿ. ನಂಗೆ ಅಷ್ಟೇ ಸಾಕು. ನಾನು ಬೆಳೆಯಲ್ಲ."

"ಬೆಳೆಯಲ್ವಾ? ಯಾಕಮ್ಮ, ಏನು ಕುಂಡದ ಗಿಡವಾ ನೀನು?"

"ತಿಂದ್ರೆ ಬೆಳೀತೀನಿ. ಬೆಳೆದ್ರೆ ಬಟ್ಟೆ ಚಿಕ್ಕದಾಗತ್ತೆ. ಬಟ್ಟೆ ಚಿಕ್ಕದಾದ್ರೆ ಮೇಡಂ ಬಂದು ಚೀಲ ತುಂಬ್ತಾರೆ." ಬಾಯಿಪಾಠ ಒಪ್ಪಿಸುವಂತೆ ಹೇಳಿದಳು. "ಮೊದಲನೇ ಮನೇಲೂ ಹಾಗೇ ಆಯ್ತು. ಎರಡನೇದರಲ್ಲೂ. ಆಂಟಿ ಎಲ್ಲರಿಗೂ ಬೆಳೆಯೋಕೆ ಬಟ್ಟೆ ಬಿಡ್ತಾರೆ. ನಾನು ಬೆರಳಿಟ್ಟು ನೋಡಿದೀನಿ, ಮೊಳೆಗೆ ನೇತು ಹಾಕಿರೋ ಎಲ್ಲಾ ಫ್ರಾಕೂ. ನಂದ್ರಲ್ಲಿ ಇಲ್ಲ. ಅದಕ್ಕೆ ನಾನು ಇದರಲ್ಲೇ ಇರ್ತೀನಿ. ಆಗ ಹೋಗೋದು ಬೇಡ."

ಮಿಷನ್ನು ನಿಂತಿತು. ಎರಡು ತಿಂಗಳಿಂದ ಹಾಲಿನಲ್ಲಿ, ಮೊಟ್ಟೆಯಲ್ಲಿ, ಡಾಕ್ಟರ ಚೀಟಿಯಲ್ಲಿ ಹುಡುಕಿದ್ದು ಟೈಲರಮ್ಮನದೇ ಹೊಲಿಗೆಯಲ್ಲಿತ್ತು. ಬಾಯಲ್ಲಿ ಮಾತು ಕೊಟ್ಟಿರಲಿಲ್ಲ, ನಿಜ. ಆದರೆ ಈ ಕೂಸು ಕೇಳುತ್ತಿದ್ದದ್ದು ಬಾಯಿಯನ್ನಲ್ಲ, ಕೈಯನ್ನು. ಆ ಕೈಯ ಹೊಲಿಗೆ ದಿನವೂ ಮೈಮೇಲೆ ಕೂತು ಹೇಳುತ್ತಿತ್ತು: ನಿನಗೆ ಇಲ್ಲಿ ಬೆಳೆಯಲು ಜಾಗವಿಲ್ಲ.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಬಟ್ಟೆ ಕತ್ತರಿಸಿದರೂ ಹಾಗೆಯೇ.

ಎದ್ದು ಹೋಗಿ ಹುಡುಗಿಯ ಮುಂದೆ ನೆಲದ ಮೇಲೆ ಕೂತಳು. 'ಇಲ್ಲೇ ಇರ್ತೀಯ, ತಿನ್ನು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಡಿಬಿಟ್ಟರೆ ಮಗು ಈ ಗಳಿಗೆಯೇ ಒಂದು ತಟ್ಟೆ ಅನ್ನ ತಿನ್ನುತ್ತಿತ್ತು. ನಾಳೆ ಅದು ಸುಳ್ಳಾದರೆ? ಹಿಂದಿನ ಮನೆಯವರೂ ಮಾತು ಕೊಟ್ಟಿದ್ದರಂತೆ. ಟೈಲರಮ್ಮ ಆ ಮಾತನ್ನು ನುಂಗಿಕೊಂಡಳು.

"ಬಾಬಿನ್ನೂ, ತಪ್ಪು ನಂದು. ನಾನು ಹೆದರಿ ಕತ್ತರಿಸ್ದೆ. ನೀನು ಹೋಗ್ಬಿಡ್ತೀಯ ಅಂತ ಹೆದರಿ."

ಹುಡುಗಿ ಅವಳನ್ನೇ ನೋಡಿದಳು. "ನೀವೂ ಹೆದರ್ತೀರಾ?"

"ಅವಳಾ?" ಎಂದರು ಅತ್ತೆ. "ಜಿರಳೆ ಕಂಡ್ರೆ ಮೇಜು ಹತ್ತೋಳು."

"ಹಾಗಾದ್ರೆ ನಾನು ಇಲ್ಲೇ ಇರ್ತೀನಾ?"

"ಗೊತ್ತಿಲ್ಲ ಪುಟ್ಟ. ಅದು ನನ್ನ ಕೈಲಿಲ್ಲ, ನಿನ್ನ ಕೈಲೂ ಇಲ್ಲ. ನೀನು ತಿಂದ್ರೂ ಅಷ್ಟೇ, ಬಿಟ್ಟರೂ ಅಷ್ಟೇ. ಇಲ್ಲ, ಅಷ್ಟೇ ಅಲ್ಲ. ಬಿಟ್ಟರೆ ಬೇಗ ಕರ್ಕೊಂಡು ಹೋಗ್ತಾರೆ. ಬಟ್ಟೆ ಅಲ್ಲ ಅವರು ನೋಡೋದು, ಆ ತೂಕದ ಮುಳ್ಳು."

ಯಾರೂ ಹುಡುಗಿಗೆ ಇದನ್ನು ಹೇಳಿರಲಿಲ್ಲ. ಹೆದರಿಸಬಾರದೆಂದು ಎಲ್ಲರೂ ಮುಚ್ಚಿಟ್ಟಿದ್ದರು. ಮುಚ್ಚಿಟ್ಟದ್ದರಿಂದ ಅವಳು ತನ್ನದೇ ಲೆಕ್ಕ ಹಾಕಿಕೊಂಡಿದ್ದಳು.

ಟೈಲರಮ್ಮ ಗೋಣಿಚೀಲವನ್ನು ಬೋರಲು ಹಾಕಿದಳು. ಆ ಹಳದಿ ಮೇಲೆ ನೀಲಿ ಚುಕ್ಕಿಯ ತುಂಡು ಉಳಿದಿತ್ತು, ಫ್ರಾಕಿಗೆ ಸಾಲುತ್ತಿರಲಿಲ್ಲ. ಒಂದು ಹಸಿರು ತುಂಡನ್ನು ಪಕ್ಕಕ್ಕೆ ಕೂಡಿಸಿದರೆ ಸಾಲುತ್ತಿತ್ತು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು.

"ಎಷ್ಟು ಬೆರಳು ಬಿಡೋಣ? ನೀನೇ ಇಡು."

ಹುಡುಗಿ ಮೊದಲು ಎರಡು ಬೆರಳಿಟ್ಟಳು. ಟೈಲರಮ್ಮನ ಮುಖ ನೋಡಿ ಇನ್ನೆರಡು ಸೇರಿಸಿದಳು. ಆಮೇಲೆ ಇನ್ನೊಂದು ಕೈಯನ್ನೂ ಪಕ್ಕಕ್ಕಿಟ್ಟಳು. ಎಂಟು ಬೆರಳು. ಸಣ್ಣ ಬೆರಳುಗಳು, ಟೈಲರಮ್ಮನ ಬೆರಳಿಗೆ ಹಾಕಿದರೆ ಐದೋ ಆರೋ ಆದೀತು.

"ಭೇಷ್! ಮದುವೆ ವಯಸ್ಸಿನವರೆಗೂ ಇದೇ ಫ್ರಾಕು" ಎಂದರು ಅತ್ತೆ.

ಹುಡುಗಿ ನಗಲು ಹೋಗಿ ನಿಲ್ಲಿಸಿದಳು. "ಆಂಟಿ, ನಾನು ಹೋದ್ಮೇಲೆ ಬೆಳೆದ್ರೆ? ಇದನ್ನ ಬಿಚ್ಚೋದು ಯಾರು?"

ಆ ಪ್ರಶ್ನೆ ಟೈಲರಮ್ಮನ ತಲೆಗೇ ಹೊಳೆದಿರಲಿಲ್ಲ. ಮಡಿಕೆ ಎಂದರೆ ಮಗು ತನ್ನ ಬಳಿಗೇ ಮರಳಿ ಬರುವುದು ಎಂದೇ ಅವಳು ಮೂವತ್ತು ವರ್ಷ ಹೊಲಿದಿದ್ದಳು. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ನೀನೇ ಬಿಚ್ಕೋತೀಯ. ಕಲಿಸ್ತೀನಿ ಬಾ. ಮಡಿಕೆ ನನ್ನ ಮನೇದಲ್ಲ, ನಿಂದು. ಎಲ್ಲಿಗೆ ಹೋದ್ರೂ ನಿನ್ನ ಜೊತೆನೇ ಬರತ್ತೆ."

ಆ ಸಂಜೆಯೇ ಪಾಠ ಶುರುವಾಯಿತು. ಹಳೇ ತುಂಡಿನ ಮೇಲೆ ಟೈಲರಮ್ಮ ಹೊಲಿಗೆ ಹಾಕಿಕೊಡುವುದು, ಹುಡುಗಿ ಅವಳ ಸೊಂಟದ ಪುಟ್ಟ ನೂಲು ಕತ್ತರಿಯಿಂದ ಮೂರು ಹೊಲಿಗೆಗೊಂದನ್ನು ಕಡಿದು, ಇನ್ನೊಂದು ಬದಿಯ ದಾರವನ್ನು ಮೆಲ್ಲಗೆ ಎಳೆಯುವುದು. ಬಟ್ಟೆಗೆ ತೂತು ಬೀಳಬಾರದು. ಮೊದಲ ದಿನ ಎರಡು ತುಂಡು ಹರಿಯಿತು. ಮೂರನೇ ದಿನ ದಾರ ಒಂದೇ ಎಳೆತಕ್ಕೆ ಹಾವಿನಂತೆ ಈಚೆಗೆ ಬಂತು. "ಬಂತು ಅಜ್ಜೀ!" ಎಂದು ಕೂಗಿದಳು. ಆ ಮನೆಯಲ್ಲಿ ಅವಳು ಕೂಗಿದ್ದು ಅದೇ ಮೊದಲು.

ಊಟ ಮಾತ್ರ ಕೂಡಲೇ ಸರಿಹೋಗಲಿಲ್ಲ. ಮುದುಡಿಕೊಂಡ ಹೊಟ್ಟೆ, ಹೇಳಿದ ತಕ್ಷಣ ಅಗಲವಾಗುತ್ತದೆಯೇ? ಆರು ತುತ್ತು, ಎಂಟು ತುತ್ತು. ಒಂದು ದಿನ ತಿಂದದ್ದನ್ನೆಲ್ಲ ಕಕ್ಕಿದಳು. ಟೈಲರಮ್ಮ ಮುಖದ ಮೇಲೆ ಏನೂ ತೋರಿಸದೆ, ಎಣಿಸುವುದನ್ನು ಬಿಟ್ಟಳು. ಬಿಟ್ಟಳೆಂದರೆ ಬಾಯಲ್ಲಿ ಬಿಟ್ಟಳು. ಬೆರಳು ಸೆರಗಿನೊಳಗೆ ಎಣಿಸುತ್ತಲೇ ಇತ್ತು.

ಮೇಡಂ ಹೇಳಿದ ದಿನವೇ ಬಂದರು. ಟೈಲರಮ್ಮ ಅವರನ್ನು ಕೂರಿಸಿ, ಯಂತ್ರ ಹೊರಗೆ ಬರುವ ಮೊದಲೇ ಎಲ್ಲವನ್ನೂ ಒದರಿಬಿಟ್ಟಳು: ಅರ್ಧ ಬೆರಳಿನ ಕಥೆ, ಡಬ್ಬಿಯ ಕಥೆ, ಅಳಿಸಿದ ಗೆರೆಯ ಕಥೆ. "ತಪ್ಪು ನಂದೇ ಮೇಡಂ. ಬರ್ಕೊಳ್ಳಿ ಬೇಕಾದ್ರೆ." ಇದನ್ನು ಹೇಳಿದರೆ ಮಗುವನ್ನು ಕಳೆದುಕೊಳ್ಳಬಹುದು ಎಂದು ಅವಳಿಗೆ ಗೊತ್ತಿತ್ತು. ಹೇಳದೆ ಇದ್ದರೆ ಮಗು ಇನ್ನೊಂದು ಮನೆಯಲ್ಲಿ ಮತ್ತೆ ಮುದುಡಿಕೊಳ್ಳಬಹುದಿತ್ತು.

ಮೇಡಂ ಪೆನ್ನು ತೆಗೆದರು, ಬರೆಯಲಿಲ್ಲ. ಯಂತ್ರವನ್ನು ನೆಲದ ಮೇಲಿಟ್ಟರು.

ಬಾಬಿನ್ನು ಹಳದಿ-ಹಸಿರು ಫ್ರಾಕಿನಲ್ಲಿ ಹತ್ತಿ ನಿಂತಳು. ಈ ಸಲ ಮೊಣಕಾಲು ಬಗ್ಗಿಸಲಿಲ್ಲ. ಮುಳ್ಳು ಹದಿನೆಂಟಕ್ಕೆ ಹೋಯಿತು, ಇಪ್ಪತ್ತಕ್ಕೆ ಹಾರಿತು, ಮತ್ತೆ ಹಿಂದಕ್ಕೆ ಬಂತು. ಟೈಲರಮ್ಮ ಗೋಡೆ ಹಿಡಿದುಕೊಂಡಳು.

"ಎಷ್ಟೇ? ಎಷ್ಟು? ಯಾರಾದ್ರೂ ಬಾಯಿ ಬಿಡ್ರೇ!" ಎಂದರು ಅತ್ತೆ.

ಮುಳ್ಳು ಹತ್ತೊಂಬತ್ತರ ಗೆರೆಯನ್ನು ಒಂದು ಕೂದಲೆಳೆ ದಾಟಿ ನಿಂತಿತು.

"ಹತ್ತೊಂಬತ್ತು... ಚೂರು ಜಾಸ್ತಿ." ಮೇಡಂ ಬಗ್ಗಿ ನೋಡಿದರು. "ಆದ್ರೆ ಈ ಫ್ರಾಕಲ್ಲಿ ಮಡಿಕೆ ತುಂಬಾ ಇದ್ಯಲ್ಲ, ಅದರ ತೂಕ?"

ಮೇಡಂ ನಗುತ್ತಿದ್ದಾರೆಂದು ತಿಳಿಯಲು ಟೈಲರಮ್ಮನಿಗೆ ಸ್ವಲ್ಪ ಹೊತ್ತೇ ಬೇಕಾಯಿತು.

"ಇನ್ನು ಮೂರು ತಿಂಗಳಿಗೆ ಕಾಗದ ಮುಂದುವರಿಸ್ತೀನಿ. ಒಂದು ವಿಷಯ. ಇವಳ ಅಮ್ಮ ಚೇತರಿಸ್ಕೊಳ್ತಿದಾರೆ. ಡಾಕ್ಟ್ರು ಮನೆಗೆ ಕಳಿಸಬಹುದು, ಕಳಿಸದೇನೂ ಇರಬಹುದು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳ್ತಿದಾರೆ."

ಮೂವರೂ ಹುಡುಗಿಯ ಕಡೆ ತಿರುಗಿದರು. ಟೈಲರಮ್ಮನ ಎದೆಯಲ್ಲಿ ಎರಡು ವರ್ಷದ ಹಿಂದಿನ ಆ ಮಿಷನ್ನು ಮತ್ತೆ ನಿಂತಂತಾಯಿತು. ಮಗು ಈಗ ಏನು ಕೇಳುತ್ತದೋ? ಅಳುತ್ತದೋ? ಮತ್ತೆ ಬಾಯಿ ಕಟ್ಟಿಕೊಳ್ಳುತ್ತದೋ?

ಹುಡುಗಿ ಯಂತ್ರದಿಂದ ಇಳಿದಳು. ಫ್ರಾಕಿನ ಅಂಚನ್ನು ಎತ್ತಿ, ಒಳಗಿನ ಮಡಿಕೆಯನ್ನು ಬೆರಳಿಂದ ಒತ್ತಿ ನೋಡಿಕೊಂಡಳು.

"ಅಮ್ಮನ ಮನೇಲಿ ಪುಟ್ಟ ಕತ್ತರಿ ಇದ್ಯಾ ಮೇಡಂ?"

ಮೇಡಂಗೆ ಅರ್ಥವಾಗಲಿಲ್ಲ. ಟೈಲರಮ್ಮನಿಗೆ ಅರ್ಥವಾಯಿತು. ತಾನು ಹೊಲಿಗೆ ಕಲಿತ ದಿನದಿಂದ ಸೊಂಟದಲ್ಲೇ ಇರುತ್ತಿದ್ದ, ಮೂವತ್ತು ವರ್ಷ ಸವೆದ ನೂಲು ಕತ್ತರಿಯನ್ನು ತೆಗೆದು, ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿ, ಹುಡುಗಿಯ ಕೈಯಲ್ಲಿಟ್ಟಳು.

"ಈಗ್ಲೇ ಚೀಲಕ್ಕೆ ಹಾಕ್ಬೇಡ" ಎಂದಳು. "ಸದ್ಯಕ್ಕೆ ಹೊಲಿಗೆ ಡಬ್ಬೀಲಿ ಇರ್ಲಿ. ಹೋಗು, ಕೈ ತೊಳ್ಕೊಂಡು ಬಾ, ಊಟದ ಹೊತ್ತಾಯ್ತು."